ಉಲ್ಟಾ ತೋರ್ಸಿ

ಹೊಸಕೆರೆಹಳ್ಳಿಯ ಒಂದು ಮನೆಯ ತಾರಸಿ ಶೆಡ್ಡಿನಲ್ಲಿ ನಾವು ಏಳೆಂಟು ಜನ ಭಾನುವಾರಗಳಂದು ಹೊಲಿಗೆ ಕಲಿಯುತ್ತಿದ್ದೆವು. ಕಲಿಸುತ್ತಿದ್ದ ಆಂಟಿ ಎಂಥ ಚೆಂದದ ಬ್ಲೌಸ್ ಕೊಟ್ಟರೂ ಹೊರಗಿನಿಂದ ನೋಡುತ್ತಿರಲಿಲ್ಲ. "ಉಲ್ಟಾ ತೋರ್ಸಿ" ಎನ್ನುತ್ತಿದ್ದರು. ಒಳಗಿನ ಹೊಲಿಗೆಯ ಮೇಲೆ ಅವರ ಹೆಬ್ಬೆರಳು ಓಡುತ್ತಿತ್ತು. ಅದು ಎಲ್ಲಿ ನಿಂತಿತೋ ಅಲ್ಲಿಂದ, "ಬಿಚ್ಚಿ." ಒಂದೇ ಬ್ಲೌಸನ್ನು ನಾಲ್ಕು ಸಲ ಬಿಚ್ಚಿ ನಾನು ಮನಸ್ಸಿನಲ್ಲೇ ಅವರನ್ನು ಬೈದಿದ್ದೇನೆ.

ಒಮ್ಮೆ ಅಮ್ಮನ ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಒಯ್ದೆ. ಕತ್ತರಿಸಲು ಧೈರ್ಯ ಸಾಲದೆ ಅವರಿಗೇ ಕೊಟ್ಟೆ. ಬಟ್ಟೆ ಮಡಿಸಿ ಒಟ್ಟಿಗೆ ಕತ್ತರಿಸಬೇಕಾದ ತೋಳುಗಳನ್ನು ಮಾತಿನ ಭರದಲ್ಲಿ ಒಂದೊಂದಾಗಿ ಕತ್ತರಿಸಿದ ಆಂಟಿ, ಎರಡನ್ನೂ ಎಡಗೈಗೇ ಮಾಡಿಬಿಟ್ಟರು. ಶೆಡ್ಡಿನ ಮಷೀನುಗಳೆಲ್ಲ ನಿಂತವು.

"ತಪ್ಪು ನಂದೇ," ಎಂದವರು ಉಳಿದ ಚೂರುಗಳನ್ನು ಒಂದು ತೋಳಿಗೆ ಕಂಕುಳ ಕೆಳಗೆ ಜೋಡಿಸಿ, ಅದನ್ನು ಬಲಗೈಗೆ ಹೊಂದಿಸಿ ಮಧ್ಯಾಹ್ನದವರೆಗೂ ಹೊಲಿದರು. ಹೊರಗಿನಿಂದ ಗೊತ್ತೇ ಆಗುತ್ತಿರಲಿಲ್ಲ. ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಬ್ಲೌಸನ್ನು ಉಲ್ಟಾ ಮಾಡಿ ನನ್ನ ಮುಂದೆ ಹಿಡಿದರು.

ಹೆಬ್ಬೆರಳು ಓಡಿಸಿದೆ. ಒಂದು ಕಡೆ ನಿಂತಿತು.

"ಬಿಚ್ಚಿ, ಆಂಟಿ."

ಅವರು ಕನ್ನಡಕ ಏರಿಸಿಕೊಂಡು ಬ್ಲೇಡು ಕೈಗೆತ್ತಿಕೊಂಡರು.