ನಿದ್ದೆಯಲ್ಲೂ ಗುಂಡಿ ಒತ್ತುವ ಕೈ

೧೯೯೯ರಲ್ಲಿ ಕಾಕಾ ಅವರ ಎರಡನೆಯ ಪೇಟೆಂಟ್ ಬಂತು. ಪೇಢೆ ಹಿಡಿದು ಹಿಮಾಯತ್‌ನಗರದ ನಮ್ಮ ಮನೆಗೆ ಇಳಿದು ಬಂದಾಗ ಅವರ ಬಲ ಹೆಬ್ಬೆರಳು ಬೆಸುಗೆಯ ಕಾವಿಗೆ ಸುಟ್ಟು ಬೊಬ್ಬೆ ಎದ್ದಿತ್ತು. ಒಂದು ಮಾಯುವುದರೊಳಗೆ ಇನ್ನೊಂದು ಏಳುತ್ತಿತ್ತು.

ಮೇಲಿನ ಮನೆಯವರು, ಧಾರವಾಡದ ಕಡೆಯವರು, ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರು. ನಾನು ಕಾಕಾ ಎನ್ನುತ್ತಿದ್ದೆ. ಮೊದಲ ಪೇಟೆಂಟು ಯಂತ್ರಗಳನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಟೈಮರಿನದು. ಇದು ರೈಲು ಎಂಜಿನ್ನಿನ ಪೆಟ್ಟಿಗೆ. ಚಾಲಕನ ಮುಂದೆ ನಿಮಿಷಕ್ಕೊಮ್ಮೆ ದೀಪ ಹೊತ್ತುತ್ತದೆ. ಅವನು ಗುಂಡಿ ಒತ್ತಬೇಕು. ಒತ್ತದಿದ್ದರೆ ನಿದ್ದೆ ಹೋಗಿದ್ದಾನೆಂದು ತಿಳಿದು ಪೆಟ್ಟಿಗೆಯೇ ಬ್ರೇಕ್ ಹಾಕುತ್ತದೆ.

ಮನೆಯಲ್ಲೂ ಅದೇ ಚಾಳಿ. ಅಡುಗೆಮನೆಯ ಸದ್ದು ನಿಂತರೆ, “ಇದ್ದೀಯೇನ?” ಎಂದು ಕೂಗುತ್ತಿದ್ದರು.

“ಇದ್ದೀನ್ರೀ, ಬ್ರೇಕ್ ಹಾಕಬ್ಯಾಡ್ರಿ,” ಎನ್ನುತ್ತಿದ್ದರು ಅವರ ಹೆಂಡತಿ, ನನ್ನ ಕಾಕು.

ನಾನು ನಕ್ಕರೆ ಕಾಕಾ ನಗುತ್ತಿರಲಿಲ್ಲ. “ಗದ್ದಲಕ್ಕ ಅಂಜಬಾರದು ತಮ್ಮಾ. ಸುಮ್ಮನಿದ್ದದ್ದಕ್ಕ ಅಂಜಬೇಕು.”

ಪೆಟ್ಟಿಗೆಯ ಪರೀಕ್ಷೆ ನಡೆದದ್ದು ಊರ ಹೊರಗಿನ ರೈಲು ಯಾರ್ಡಿನಲ್ಲಿ. ನಾನು ಪತ್ರಿಕೆಯವನೆಂದು ಎಂಜಿನ್ ಹತ್ತಲು ಬಿಟ್ಟರು. ಚಾಲಕ ರಾಯಚೂರಿನವರು, ಪ್ರಯೋಗಕ್ಕೆಂದು ತಿಂಗಳುಗಟ್ಟಲೆ ಆ ಪೆಟ್ಟಿಗೆ ಇಟ್ಟುಕೊಂಡೇ ಎಂಜಿನ್ ಓಡಿಸಿದ್ದರು. ಅಂದು ಮಾತ್ರ ಗುಂಡಿ ಮುಟ್ಟಬಾರದು. ಹಳಿಯ ಪಕ್ಕ ನೆಟ್ಟ ಕೆಂಪು ಬಾವುಟ ಬರುವ ಮೊದಲೇ ಎಂಜಿನ್ ತಾನಾಗಿ ನಿಲ್ಲಬೇಕು. ಕಾಕಾ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಅದನ್ನೇ ಹೇಳುತ್ತಿದ್ದರು.

“ಎಷ್ಟ್ ಸಲ ಹೇಳ್ತೀರಿ ಸಾಬ್? ನಾ ಏನ್ ಹೊಸಾ ಮದುಮಗಾ ಏನ್ರಿ?” ಎಂದರು ಚಾಲಕರು.

ಎಂಜಿನ್ ಹೊರಟಿತು. ಚಾಲಕರು ಕಿಟಕಿಯಾಚೆ ನೋಡುತ್ತ ಮಾತಾಡುತ್ತಲೇ ಇದ್ದರು. ದೀಪ ಹೊತ್ತಿತು. ಅವರು ತಿರುಗಿ ನೋಡಲಿಲ್ಲ, ಮಾತು ನಿಲ್ಲಿಸಲಿಲ್ಲ. ಕೈ ಮಾತ್ರ ಚಾಚಿ ಗುಂಡಿ ಒತ್ತಿತು. ಬಾವುಟ ಹಿಂದೆ ಉಳಿಯಿತು.

“ಗಲತ್ ಆತ್ರಿ ಸಾಬ್! ಕೈ ತಾನ ಹೋತು. ನನಗ ಖಬರ ಇಲ್ಲ.”

ಎರಡನೆಯ ಸಲ ಅವರು ಕೈಕಟ್ಟಿ ಕುಳಿತರು. ಎಂಜಿನ್ ಬಾವುಟಕ್ಕಿಂತ ಮೊದಲೇ ನಿಂತಿತು. ಕೆಳಗೆ ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಕಾಕಾ ಇಳಿಯಲಿಲ್ಲ.

“ಖರೇ ಹೇಳ್ರಿ. ಕಣ್ಣು ಹತ್ತಿದಾಗೂ ಒತ್ತತೈತೇನು ಈ ಕೈ?”

ಚಾಲಕರು ತಮ್ಮ ಕೈಯನ್ನೇ ನೋಡಿಕೊಂಡರು. “ಕೈಗೆ ಎಲ್ಲಿ ನಿದ್ದಿರಿ, ಸಾಬ್?”

ಒಪ್ಪಿಗೆ ಪತ್ರಕ್ಕೆ ಕಾಕಾ ಸಹಿ ಹಾಕಲಿಲ್ಲ. ಪೇಟೆಂಟ್ ಇದೆ, ಪರೀಕ್ಷೆ ಮುಗಿದಿದೆ, ಇನ್ನೇನು ಅಡ್ಡಿ ಎಂದು ಮೇಲಧಿಕಾರಿ ರೇಗಿದರು. “ನಿದ್ದಿ ಹೋದವನ ಕೈ ನಂಬಿ ಮಂದಿನ್ನ ಕೂಡಿಸಂಗಿಲ್ಲರಿ,” ಎಂದರು ಕಾಕಾ. ಒಪ್ಪಿಗೆ ಮುಂದಕ್ಕೆ ಹೋಗಿದೆ ಎಂದಷ್ಟೇ ನಾನು ಸುದ್ದಿ ಬರೆದೆ.

ಅವರ ವಿಭಾಗದಲ್ಲಿದ್ದ ಇಬ್ಬರು ಕಿರಿಯರು ಮಾದಾಪುರದ ಸಾಫ್ಟ್‌ವೇರ್ ಕಂಪನಿಗಳಿಗೆ ಹೋದರು. ಕಾಕಾ ಒಬ್ಬರೇ ಉಳಿದು ಪೆಟ್ಟಿಗೆಯನ್ನು ಬದಲಿಸಿದರು. ಇನ್ನು ದೀಪಕ್ಕೆ ಗೊತ್ತಾದ ಹೊತ್ತಿಲ್ಲ. ಒಮ್ಮೆ ಬೇಗ, ಒಮ್ಮೆ ತಡ. ದೀಪ ಹೊತ್ತುವ ಮೊದಲೇ ಒತ್ತಿದರೆ ಲೆಕ್ಕಕ್ಕಿಲ್ಲ. ಕೈಗೆ ರೂಢಿಯಾಗಬಾರದು.

ಆದರೆ ಹೊಸ ಪೆಟ್ಟಿಗೆಗೆ ಒಪ್ಪಿಗೆ ಸಿಗುವವರೆಗೆ ಎಂಜಿನ್ನುಗಳು ಯಾವ ಪೆಟ್ಟಿಗೆಯೂ ಇಲ್ಲದೆ ಓಡಬೇಕಿತ್ತು. ದಿನಾ ಬೆಳಿಗ್ಗೆ ಕಾಕಾ ಮೆಟ್ಟಿಲ ಮೇಲೆ ನಿಂತು ನನ್ನನ್ನು ಕೇಳುತ್ತಿದ್ದರು: “ಎಲ್ಲೆರ ರೈಲು ಬಿದ್ದೈತೇನು, ತಮ್ಮಾ?” ಇಲ್ಲ ಎಂದರೂ ನನ್ನ ಮುಖ ನೋಡುತ್ತಿದ್ದರು. ಒಮ್ಮೆ, ಎಲ್ಲೋ ದೂರದ ರಾಜ್ಯದಲ್ಲಿ ಬಿದ್ದಿದೆ ಎಂದೆ. ಸೇತುವೆ ಕುಸಿದದ್ದು, ಚಾಲಕನ ತಪ್ಪಲ್ಲ ಎಂದು ನಾನು ಹೇಳಿ ಮುಗಿಸುವುದರೊಳಗೆ ಅವರು ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದರು.

ಮೂರನೆಯ ಪೇಟೆಂಟ್ ಬಂದಾಗ ಪೇಢೆ ಹಂಚಲಿಲ್ಲ. “ಪರೀಕ್ಷಾ ಆಗಲಿ,” ಎಂದರು. ಪರೀಕ್ಷೆಗೆ ಕೆಲವೇ ವಾರ ಮೊದಲು ಹೃದಯಾಘಾತದಿಂದ ತೀರಿಕೊಂಡರು.

ಪರೀಕ್ಷೆ ಅದೇ ಯಾರ್ಡಿನಲ್ಲಿ ನಡೆಯಿತು. ಪಕ್ಕದಲ್ಲಿ ಇನ್ನೊಬ್ಬ ಚಾಲಕನನ್ನು ನಿಲ್ಲಿಸಿ, ದೀಪ ಕಾಣದಂತೆ ರಾಯಚೂರಿನವರ ಕಣ್ಣಿಗೆ ಬಟ್ಟೆ ಕಟ್ಟಿದರು. ನಿಮಿಷಕ್ಕೆ ಸರಿಯಾಗಿ ಅವರ ಕೈ ಎಂದಿನಂತೆ ಹೋಗಿ ಗುಂಡಿ ಒತ್ತಿತು. ದೀಪ ಹೊತ್ತಿದ್ದು ಅದಾದ ಮೇಲೆ. ಎಂಜಿನ್ ನಿಂತಿತು.