ಬಿಳಿ ಬಣ್ಣದಡಿಯ ಮಾತು

೨೦೦೨ರಲ್ಲಿ ನಾನು ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಶುಕ್ರವಾರದ ಸಿನಿಮಾ ಪುಟ ನನ್ನದು. ಆ ವರ್ಷ ನಜರ್‌ಬಾದಿನ ಡ್ರಾಯಿಂಗ್ ಮೇಡಂ ಗಿರಿಜಮ್ಮನವರ ಚಿತ್ರಕಾದಂಬರಿ, ಅಂದರೆ ಚೌಕಟ್ಟು ಚೌಕಟ್ಟಾಗಿ ಚಿತ್ರಗಳಲ್ಲೇ ಹೇಳಿದ ಕಾದಂಬರಿ, ಸಿನಿಮಾ ಆಯಿತು.

ಕಥೆ ಮೈಸೂರಿನದೇ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಬೆರಳು ಕಳೆದುಕೊಂಡ ರತ್ನ ಎಂಬ ಕೆಲಸಗಾರ್ತಿಯದು. ತಪ್ಪು ಅವಳದೇ ಎಂದು ಮಾಲೀಕರು ಕೆಲಸದಿಂದ ತೆಗೆಯುತ್ತಾರೆ. ಪುಸ್ತಕದ ಕೊನೆಯಲ್ಲಿ ಅವಳು ಗೇಟಿನ ಮುಂದೆ ಸುಮ್ಮನೆ ನಿಂತಿದ್ದಾಳೆ. ಇಡೀ ಪುಟದಲ್ಲಿ ಒಂದಕ್ಷರವಿಲ್ಲ. ಸಿನಿಮಾದಲ್ಲಿ ಅದೇ ಜಾಗದಲ್ಲಿ ಎಲ್ಲರೆದುರು ಮಾತಾಡುತ್ತಾಳೆ. ನಾನು ಎರಡನ್ನೂ ಹೋಲಿಸಿ ವಿಮರ್ಶೆ ಬರೆದೆ. ಪುಸ್ತಕದ ಘನವಾದ ಮೌನವನ್ನು ಸಿನಿಮಾ ಭಾಷಣ ಮಾಡಿ ಕೆಡಿಸಿದೆ ಎಂದೆ. ಕಲಾವಿದೆಯ ಪರವಾಗಿ ನಿಂತೆನೆಂಬ ಹೆಮ್ಮೆಯೂ ನನಗಿತ್ತು.

ಸೋಮವಾರ ಗಿರಿಜಮ್ಮ ಕಚೇರಿಗೆ ಬಂದರು. ಜೊತೆಗೆ ಅವರ ತಂಗಿ ಸರೋಜಮ್ಮ, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಗಿರಿಜಮ್ಮ ರಟ್ಟಿನ ಫೈಲಿನಿಂದ ಆ ಕೊನೆಯ ಪುಟದ ಮೂಲ ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ರತ್ನಳ ತಲೆಯ ಮೇಲೆ, ಮಾತು ಬರೆಯುವ ಜಾಗದಲ್ಲಿ, ದಪ್ಪಗೆ ಬಳಿದ ಬಿಳಿ ಬಣ್ಣ. ಅದರಡಿ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು.

"ಅವಳು ಸುಮ್ನೆ ನಿಂತಿರ್ಲಿಲ್ಲ ಕಣ್ರೀ," ಎಂದರು. "ಮಾತು ಬರ್ದಿದ್ದೆ. ಕಾರ್ಖಾನೆಯೋರು ತಕರಾರು ತೆಗೀತಾರೆ ಅಂತ ಪ್ರಕಾಶಕರು ಅಳಿಸ್ಬುಟ್ರು. ಡೈರೆಕ್ಟರಿಗೆ ಈ ಹಾಳೆ ತೋರ್ಸಿ, ಮಾತು ವಾಪಸ್ ಹಾಕಿ ಅಂತ ಕೇಳ್ಕೊಂಡೋಳು ನಾನೇ."

"ಆ ಮಾತು ನೀವೇ ಕಟ್ಟಿದ್ದಾ ಮೇಡಂ?"

ಉತ್ತರ ಕೊಟ್ಟವರು ಸರೋಜಮ್ಮ. "ಅದು ನಂದು ಸಾರ್. ಮಿಷಿನ್ ಕೆಟ್ಟಿದೆ ಅಂತ ಮೂರು ಸಲ ಹೇಳಿದ್ದೆ, ತಪ್ಪು ನಂದಲ್ಲ ಅಂತ ಗೇಟ್ ಮುಂದೆ ನಿಂತ್ಕೊಂಡು ನಾನೇ ಅಂದಿದ್ದು. ನೀವು ಬರ್ದಿದ್ದು ಓದ್ದೆ. ನಾನು ಸುಮ್ನಿರ್ಬೇಕಿತ್ತಾ?"

ಅಂದೇ ಮ್ಯಾಟಿನಿಗೆ ಅವರಿಬ್ಬರ ಜೊತೆ ಹೋಗಿ ಸಿನಿಮಾ ಮತ್ತೆ ನೋಡಿದೆ. ಗೇಟಿನ ದೃಶ್ಯ ಬಂದಾಗ ಮುಂದಿನ ಸಾಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ಸರೋಜಮ್ಮ ಪರದೆ ಬಿಟ್ಟು ಅವರನ್ನೇ ನೋಡುತ್ತಿದ್ದರು.

"ನಾವು ಬರೆದದ್ದನ್ನ ನಾವೇ ತಪ್ಪು ಅಂದ್ರೆ ಹೆಂಗ್ರೀ?" ಎಂದು, ನಾನು ಬರೆದುಕೊಟ್ಟ ತಿದ್ದುಪಡಿ ನೋಡಿ ಸಂಪಾದಕರು ಗೊಣಗಿದರು. ಆದರೂ ಆ ಹಾಳೆಯ ಫೋಟೊ ಸಮೇತ ನನ್ನ ಎರಡನೆಯ ಲೇಖನ ಮುಂದಿನ ಶುಕ್ರವಾರ ಅಚ್ಚಾಯಿತು. ಅಷ್ಟರಲ್ಲಿ ಸಿನಿಮಾ ಥಿಯೇಟರಿನಿಂದ ಹೋಗಿಬಿಟ್ಟಿತ್ತು. ಅದರಲ್ಲಿ ನನ್ನ ಮೊದಲ ವಿಮರ್ಶೆಯ ಪಾಲೆಷ್ಟೋ, ಇಂದಿಗೂ ತಿಳಿಯದು.

ಅಲ್ಲಿಂದ ನಿವೃತ್ತಿಯವರೆಗೆ, ಪುಸ್ತಕವೊಂದು ಸಿನಿಮಾ ಆದಾಗಲೆಲ್ಲ ಹೋಲಿಸಿ ಬರೆಯಲು ಕೂರುವ ಮೊದಲು ಲೇಖಕರಿಗೆ ಫೋನ್ ಮಾಡುತ್ತಿದ್ದೆ. ನೀವು ಬರೆದದ್ದೆಲ್ಲ ಪುಸ್ತಕದಲ್ಲಿ ಬಂದಿತ್ತೇ ಎಂದು ಕೇಳುತ್ತಿದ್ದೆ. ಇಲ್ಲ ಎಂದವರೇ ಹೆಚ್ಚು.