ಬಲಗಡೆಯ ನಾಲ್ಕು ಡಬ್ಬ

ಕುಕ್ಕರ್ ಕೂಗುವ ಮುಂಚಿನ ಆ ಸಣ್ಣ ಸುಯ್ಯೆನ್ನುವ ಸದ್ದಿಗೆ ಈಗಲೂ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತೇನೆ. ಇನ್ವರ್ಟರ್ ಬ್ಯಾಟರಿ ಸಿಡಿಯುವ ಮುಂಚೆಯೂ ಹಾಗೇ ಕೇಳಿಸಿತ್ತು.

ಶ್ರೀರಾಂಪುರದ ಮೇಷ್ಟ್ರ ಮನೆಗೆ ಎರಡು ವರ್ಷದಿಂದ ಟೈಪ್ ಮಾಡಲು ಹೋಗುತ್ತಿದ್ದೆ. ವಯಸ್ಸಿದ್ದಾಗ ಅವರು ಇಥಿಯೋಪಿಯಾದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡಲು ಹೋಗಿ, ಅಲ್ಲಿನ ಒಬ್ಬ ಮುದಿ ಪಾದ್ರಿಯಿಂದ ಗೀಝ್ ಭಾಷೆ ಕಲಿತು ಬಂದವರು. ಆ ದೇಶದ ಹಳೆಯ ರಾಜರ ಚರಿತ್ರೆಯೆಲ್ಲ ಇರುವುದು ಅದರಲ್ಲಿ. ಈಗ ಅದು ಪ್ರಾರ್ಥನೆಗೆ ಮಾತ್ರ ಉಳಿದಿದೆ. ಅದಕ್ಕೊಂದು ಕನ್ನಡ ನಿಘಂಟು ಮಾಡಲು ಮೇಷ್ಟ್ರು ಮೂವತ್ತು ವರ್ಷ ಕಾರ್ಡು ಬರೆದರು. ಪ್ರತಿ ಕಾರ್ಡಿನಲ್ಲೂ ಒಂದು ಪದ, ಅದರ ಅರಬ್ಬಿ, ಹೀಬ್ರೂ ನೆಂಟರು, ಕೆಳಗೆ ಪಾದ್ರಿ ಹೇಳಿದ್ದ ಅರ್ಥ. ಅಚ್ಚಾದ ನಿಘಂಟುಗಳಲ್ಲಿ ಆ ಅರ್ಥಗಳಿಲ್ಲ. ಪಾದ್ರಿಯೂ ಇಲ್ಲ.

ಹನ್ನೊಂದು ಶೂ ಡಬ್ಬಗಳು ಶೆಲ್ಫಿನಲ್ಲಿ ಬಲದಿಂದ ಎಡಕ್ಕೆ ಇರುತ್ತಿದ್ದವು. ಅರಬ್ಬಿ ಓದಿ ಓದಿ ಅವರಿಗೆ ಹಾಗೇ ಅಭ್ಯಾಸ. ಮೊದಲ ನಾಲ್ಕನ್ನು ಟೈಪ್ ಮಾಡಿದ್ದೆ. ಉಳಿದ ಏಳಕ್ಕೆ ನಕಲಿರಲಿಲ್ಲ.

"ಈ ಡಬ್ಬಗಳಿಗೇ ತಾಳಿ ಕಟ್ಬೋದಿತ್ತು ಕಣಮ್ಮ ಇವ್ರು," ಎನ್ನುತ್ತಿದ್ದರು ಅವರ ಹೆಂಡತಿ, ಕಾಫಿ ಕೊಡುತ್ತಾ.

"ಅವು ಇಷ್ಟು ಮಾತಾಡಲ್ಲ," ಎನ್ನುತ್ತಿದ್ದರು ಮೇಷ್ಟ್ರು.

ಅವತ್ತು ಹನ್ನೊಂದು ಗಂಟೆಗೆ ಇಬ್ಬರೂ ಗೇಟಿನ ಹತ್ತಿರ ಸೊಪ್ಪು ಕೊಳ್ಳುತ್ತಿದ್ದರು. ಬ್ಯಾಟರಿ ಸಿಡಿದು ಬೆಂಕಿ ಕರ್ಟನ್ನಿಗೆ ಹತ್ತಿತು. ನಾನು ಬ್ಯಾಗು ಎತ್ತಿಕೊಂಡು ಹೊರಗೆ ಓಡಿದೆ. ಒಳಗೆ ನುಗ್ಗುತ್ತಿದ್ದ ಮೇಷ್ಟ್ರನ್ನು ಅವರ ಹೆಂಡತಿ ಪಂಚೆ ಹಿಡಿದು ನಿಲ್ಲಿಸಿದರು.

"ನಾನು ತರ್ತೀನಿ ಸಾರ್," ಎಂದು ನಾನೇ ಮತ್ತೆ ಹೋದೆ.

ಹೊಗೆಯಲ್ಲಿ ಏನೂ ಕಾಣದು. ಟೈಪ್ ಆಗದಿರುವವು ಕೊನೆಯವು ಅಂತ ಚೆನ್ನಾಗಿ ನೆನಪಿತ್ತು. ಕೊನೆ ಎಂದೊಡನೆ ಕೈ ಬಲಕ್ಕೆ ಹೋಯಿತು. ನಾಲ್ಕು ಡಬ್ಬ ಅಪ್ಪಿಕೊಂಡು ಬಂದೆ. ಹಿಂದೆಯೇ ಸೀಲಿಂಗ್ ಕುಸಿಯಿತು.

ಮೇಷ್ಟ್ರು ಜಗುಲಿಯಿಂದ ದೂರ, ಕಾಂಪೌಂಡ್ ಪಕ್ಕ ಕೂತು ಒಂದು ಡಬ್ಬ ತೆರೆದರು. ಒಂದು ಕಾರ್ಡು ಓದಿ ಮುಚ್ಚಿದರು. "ಕೈ ಸುಟ್ಕೊಂಡ್ಯೇನಮ್ಮ?" ಎಂದು ಕೇಳಿದರು. ಆ ನಾಲ್ಕು ಡಬ್ಬಗಳ ನಕಲಿದ್ದ ಪೆನ್‌ಡ್ರೈವ್ ನನ್ನ ಬ್ಯಾಗಿನಲ್ಲೇ ಇತ್ತು.

ಈಗ ಮೇಷ್ಟ್ರು ವಿಜಯನಗರದ ಬಾಡಿಗೆ ಮನೆಯಲ್ಲಿದ್ದಾರೆ. ಹೊಸ ಕಾರ್ಡು ಕೊಂಡುಕೊಟ್ಟಿದ್ದೇನೆ. ಹೋದ ವಾರ ಒಂದು ಪದ ಬರೆದು, ಅರಬ್ಬಿ ಬರೆದು, ಕೆಳಗಿನ ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು.

"ಇದಕ್ಕೆ ಆ ಪಾದ್ರಿ ಏನೋ ಬೇರೆ ಹೇಳಿದ್ದ. ನಿಂಗೇನಾದ್ರೂ ನೆನಪಿದ್ಯಾ?"

"ಆ ಡಬ್ಬ ನಾನಿನ್ನೂ ತೆಗೆದೇ ಇರಲಿಲ್ಲ ಸಾರ್."

ಕೆಳಗಿನ ಜಾಗ ಖಾಲಿ ಬಿಟ್ಟು ಕಾರ್ಡನ್ನು ಪಕ್ಕಕ್ಕಿಟ್ಟರು. ಅಂಥವು ಆಗಲೇ ಒಂದು ಕಟ್ಟಿನಷ್ಟಿದ್ದವು.